ಸುರಂಗದ ಸುತ್ತಲಿನ ಭಾರವೂ ಗಣಕಯಂತ್ರದ ಲೆಕ್ಕವೂ



2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಎಂಬಲ್ಲಿ ಕೆಲಸ ನಡೆಯುತ್ತಿದ್ದ ರಸ್ತೆ ಸುರಂಗದ ಒಂದು ಭಾಗ ಕುಸಿದು 41 ಮಂದಿ ಕೆಲಸಗಾರರು ಒಳಗೆ ಸಿಕ್ಕಿಕೊಂಡದ್ದು ನಿಮಗೆಲ್ಲ ನೆನಪಿರಬಹುದು. 17ನೆಯ ದಿನ, ನವೆಂಬರ್ 28ರಂದು, ಅಷ್ಟೂ ಮಂದಿ ಜೀವಂತವಾಗಿ ಹೊರಬಂದರು. ಆ ದಿನಗಳಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಪದ್ಯದ ಪಾಠದ ನಡುವೆ ಎದ್ದು ನಿಂತು ಕೇಳಿದಳು: “ಸರ್, ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುತ್ತಾರಲ್ಲ, ಗುಡ್ಡ ಕುಸಿಯುತ್ತದೆಂದು ಅದಕ್ಕೆ ಮೊದಲೇ ಗೊತ್ತಾಗುವುದಿಲ್ಲವೇ?”

ನಾನು ಕನ್ನಡ ಕಲಿಸುವವನು. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗಣಿ ಇಂಜಿನಿಯರಿಂಗ್ ಓದಿ ಈಗ ಸುರಂಗಗಳ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಿದ್ದಾಗ ಅವನನ್ನು ಮನೆಗೆ ಕರೆದೆ. ಅವನು ನಮ್ಮ ಜಗಲಿಯಲ್ಲಿ ಕುಳಿತು ತನ್ನ ಲ್ಯಾಪ್‌ಟಾಪ್ ತೆರೆದು ನನಗೆ ಎರಡು ದಿನ ಪಾಠ ಮಾಡಿದ. ಗುರು ಶಿಷ್ಯನಾದ ಆ ಎರಡು ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ನಿಮಗೆ ಹೇಳುತ್ತೇನೆ. ಕಾಸರಗೋಡಿನ ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ತೋಡಿದ ಸುರಂಗಗಳು ಲೆಕ್ಕವಿಲ್ಲದಷ್ಟಿವೆ. ಎಷ್ಟೋ ಮನೆಗಳ ಕುಡಿಯುವ ನೀರೂ ಅಡಿಕೆ ತೋಟದ ನೀರೂ ಅವುಗಳಿಂದಲೇ ಹರಿದು ಬರುತ್ತದೆ. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಗುಡ್ಡದ ಒಳಗಿನ ಭಾರ

ಮೊದಲು ಸುರಂಗವೇ ಇಲ್ಲದ ಗುಡ್ಡವನ್ನು ನೆನೆಯೋಣ. ಒಂದು ಘನ ಮೀಟರ್ ಮುರಕಲ್ಲು ಸುಮಾರು 2 ಟನ್ ತೂಗುತ್ತದೆ ಎಂದಿಟ್ಟುಕೊಳ್ಳಿ. ನೆಲದಿಂದ 10 ಮೀಟರ್ ಕೆಳಗಿರುವ ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಭಾರ ಕುಳಿತಿದೆ? 10 × 2 = 20 ಟನ್. ಅಂದರೆ 50 ಕಿಲೋದ 400 ಸಿಮೆಂಟ್ ಮೂಟೆಗಳು. ಗಟ್ಟಿ ಬಂಡೆಯಾದರೆ ಘನ ಮೀಟರಿಗೆ ಸುಮಾರು 2.7 ಟನ್ ತೂಕ. 1,000 ಮೀಟರ್ ಆಳದಲ್ಲಿ ಅದು ಚದರ ಮೀಟರಿಗೆ 2,700 ಟನ್ ಆಗುತ್ತದೆ.

ಹೀಗೆ ವಸ್ತುವಿನ ಒಳಗೆ ಒಂದೊಂದು ಚದರ ಮೀಟರಿನ ಮೇಲೆ ಬೀಳುವ ಬಲಕ್ಕೆ ಕನ್ನಡ ವಿಜ್ಞಾನ ಬರಹಗಳಲ್ಲಿ ‘ಪೀಡನ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಸ್ಟ್ರೆಸ್. ಪೀಡಿಸುವುದು ಎಂಬ ಮಾತನ್ನು ನಾವು ಮನುಷ್ಯರ ವಿಷಯದಲ್ಲಿ ಬಳಸುತ್ತೇವೆ. ಬಂಡೆಯೂ ಹಾಗೆಯೇ ಪೀಡನೆಯನ್ನು ಸಹಿಸಿಕೊಂಡಿರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ.

ಒತ್ತುವುದು ಮೇಲಿನಿಂದ ಮಾತ್ರವೂ ಅಲ್ಲ. ಅಕ್ಕಪಕ್ಕದ ಬಂಡೆಯೂ ಒತ್ತುತ್ತದೆ. ಕೆಲವು ಕಡೆಗಳಲ್ಲಿ ಪಕ್ಕದ ಒತ್ತು ಮೇಲಿನ ಒತ್ತಿಗಿಂತ ಕಡಿಮೆ, ಕೆಲವು ಕಡೆಗಳಲ್ಲಿ ಅದಕ್ಕಿಂತ ಹೆಚ್ಚು. ಇದನ್ನು ಕುಳಿತಲ್ಲಿ ಊಹಿಸಲಾಗದು. ಬಂಡೆಗೆ ಕೊಳವೆ ಕೊರೆದು, ಅದರ ಒಂದು ಭಾಗವನ್ನು ಮುಚ್ಚಿ, ಬಂಡೆ ಸೀಳುವ ತನಕ ನೀರನ್ನು ಒತ್ತಿ ತುಂಬಿಸಿ ಅಳೆಯುತ್ತಾರೆ.

ತೂತು ಮಾಡಿದಾಗ ಏನಾಗುತ್ತದೆ?

ಈಗ ಆ ಗುಡ್ಡಕ್ಕೆ ಸುರಂಗ ಕೊರೆಯೋಣ. ಮೊದಲು ಅಲ್ಲಿದ್ದ ಕಲ್ಲು ತನ್ನ ಪಾಲಿನ ಭಾರವನ್ನು ಹೊತ್ತಿತ್ತು. ಆ ಕಲ್ಲನ್ನು ನಾವು ಹೊರಗೆ ಹಾಕಿದೆವು. ಖಾಲಿ ಜಾಗ ಭಾರವನ್ನು ಹೊರಲಾರದು. ಹಾಗಾದರೆ ಆ ಭಾರ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಅಕ್ಕಪಕ್ಕದ ಗೋಡೆಗಳ ತಲೆಯ ಮೇಲೆ ಬಂತು. ಹೊಳೆಯ ನಡುವೆ ಒಂದು ದೊಡ್ಡ ಕಲ್ಲಿದ್ದರೆ ನೀರು ಅದನ್ನು ಬಳಸಿಕೊಂಡು ಎರಡೂ ಬದಿಯಲ್ಲಿ ರಭಸದಿಂದ ಹರಿಯುವುದನ್ನು ನೀವು ನೋಡಿದ್ದೀರಿ. ಗುಡ್ಡದೊಳಗಿನ ಬಲವೂ ಸುರಂಗವನ್ನು ಹಾಗೆಯೇ ಬಳಸಿಕೊಂಡು ಹೋಗುತ್ತದೆ.

ಈ ಲೆಕ್ಕವನ್ನು 1898ರಲ್ಲಿ ಜರ್ಮನಿಯ ಕಿರ್ಶ್ ಎಂಬ ಇಂಜಿನಿಯರು ವೃತ್ತಾಕಾರದ ತೂತಿಗೆ ಮಾಡಿಕೊಟ್ಟರು. ಮೇಲಿನಿಂದ ಮಾತ್ರ ಒತ್ತು ಇದ್ದರೆ ತೂತಿನ ಎರಡೂ ಬದಿಯ ಗೋಡೆಯಲ್ಲಿ ಅದು 3 ಪಟ್ಟು ಆಗುತ್ತದೆ. ನೆತ್ತಿಯಲ್ಲಿ ಒತ್ತುವುದಕ್ಕೆ ಬದಲಾಗಿ 1 ಪಟ್ಟು ಎಳೆತ ಉಂಟಾಗುತ್ತದೆ. ಎಲ್ಲ ಕಡೆಯಿಂದ ಸಮನಾದ ಒತ್ತು ಇದ್ದರೆ ತೂತಿನ ಸುತ್ತಲೂ 2 ಪಟ್ಟು. ಪಕ್ಕದ ಒತ್ತು ಮೇಲಿನ ಒತ್ತಿನ ಎರಡರಷ್ಟಿದ್ದರೆ ಗೋಡೆಯಲ್ಲಿ 1 ಪಟ್ಟು, ನೆತ್ತಿಯಲ್ಲಿ 5 ಪಟ್ಟು! ಅಂದರೆ ಅದೇ ಸುರಂಗ, ಅದೇ ಕಲ್ಲು. ಒತ್ತಿನ ದಿಕ್ಕು ಬದಲಾದರೆ ಅಪಾಯದ ಜಾಗವೇ ಬದಲಾಗುತ್ತದೆ.

ಇನ್ನೊಂದು ಸಂಗತಿ. ಕಲ್ಲು ಒತ್ತನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಎಳೆತದಲ್ಲಿ ಅದರ ಶಕ್ತಿ ಸುಮಾರು ಹತ್ತರಲ್ಲಿ ಒಂದು ಪಾಲು ಎನ್ನಬಹುದು. ಸುರಂಗದ ನೆತ್ತಿಯಿಂದ ಕಲ್ಲು ಉದುರಲು ಇದೂ ಒಂದು ಕಾರಣ.

ತೂತಿನ ಆಕಾರವೂ ಮುಖ್ಯ. ಮೇಲಿನಿಂದ ಮಾತ್ರ ಒತ್ತು ಇರುವಲ್ಲಿ, ಎತ್ತರಕ್ಕಿಂತ ಅಗಲ ಮೂರರಷ್ಟಿರುವ, ಅಂಡಾಕಾರದ ಮಲಗಿದ ತೂತಾದರೆ ಅದರ ಬದಿಯಲ್ಲಿ 7 ಪಟ್ಟು ಭಾರ ಬೀಳುತ್ತದೆ. ಅದನ್ನೇ ಎಬ್ಬಿಸಿ ನಿಲ್ಲಿಸಿದರೆ, ಅಂದರೆ ಅಗಲಕ್ಕಿಂತ ಎತ್ತರ ಮೂರರಷ್ಟಾದರೆ, ಸುಮಾರು ಒಂದೂ ಮುಕ್ಕಾಲು ಪಟ್ಟು ಮಾತ್ರ. ನಮ್ಮ ಊರಿನ ಸುರಂಗಗಳನ್ನು ನೆನಪಿಸಿಕೊಳ್ಳಿ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಆಳೆತ್ತರದ ಗೋಡೆ, ಮೇಲೆ ಕಮಾನಿನಂತೆ ಬಾಗಿದ ನೆತ್ತಿ. ಯಾವ ಸೂತ್ರವನ್ನೂ ಓದದ ನಮ್ಮ ಹಿರಿಯರು ಪಿಕ್ಕಾಸು ಹಿಡಿದು ಮಾಡಿದ ಆಕಾರ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಗಣಕಯಂತ್ರ ಮಾಡುವುದೇನು?

ವೃತ್ತಕ್ಕೂ ಅಂಡಾಕಾರಕ್ಕೂ ಸೂತ್ರವಿದೆ. ಆದರೆ ನಿಜವಾದ ಸುರಂಗ ಹಾಗಿರುವುದಿಲ್ಲ. ರೈಲು ಸುರಂಗದ ತಳ ಚಪ್ಪಟೆ. ಗುಡ್ಡದೊಳಗಿನ ವಿದ್ಯುದಾಗಾರವೆಂದರೆ ದೊಡ್ಡ ಸಭಾಂಗಣದಂತಹ ಗುಹೆ, ಅದರ ಪಕ್ಕದಲ್ಲಿ ಇನ್ನೊಂದು ಗುಹೆ, ನಡುವೆ ನಾಲ್ಕಾರು ಕೊಳವೆ ದಾರಿಗಳು. ಒಂದರ ಭಾರ ಇನ್ನೊಂದರ ಗೋಡೆಯ ಮೇಲೆ ಬೀಳುತ್ತದೆ. ಇದಕ್ಕೆ ಒಂದೇ ಸೂತ್ರ ಸಿಗುವುದಿಲ್ಲ.

ಹಿಂದೆ ಇದನ್ನು ತಿಳಿಯಲು ಪಾರದರ್ಶಕ ವಸ್ತುವಿನಲ್ಲಿ ಸುರಂಗದ ಮಾದರಿ ಮಾಡಿ, ಅದನ್ನು ಒತ್ತಿ, ಧ್ರುವೀಕರಿಸಿದ ಬೆಳಕಿನಲ್ಲಿ ನೋಡುತ್ತಿದ್ದರು. ಒತ್ತು ಬದಲಾಗುವ ಕಡೆಗಳಲ್ಲಿ ಕಾಮನಬಿಲ್ಲಿನಂತಹ ಪಟ್ಟೆಗಳು ಮೂಡುತ್ತವೆ. ನೀವೂ ಇದನ್ನು ನೋಡಬಹುದು. ಕಂಪ್ಯೂಟರಿನ ಪರದೆಯನ್ನು ಬಿಳಿಯಾಗಿಸಿ, ಪೋಲರಾಯ್ಡ್ ಕಪ್ಪು ಕನ್ನಡಕದ ಮೂಲಕ ನೋಡಿ. ಪರದೆ ಕಪ್ಪಾಗಿ ಕಾಣುವವರೆಗೆ ಕನ್ನಡಕವನ್ನು ಓರೆ ತಿರುಗಿಸಿ. ಈಗ ಪರದೆಯ ಮುಂದೆ ನಿಮ್ಮ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಹಿಡಿಯಿರಿ. ಬಣ್ಣದ ಪಟ್ಟೆಗಳು ಕಾಣುತ್ತವೆ. ಸ್ಕೇಲನ್ನು ಅಚ್ಚು ಹಾಕುವಾಗ ಅದರೊಳಗೆ ಉಳಿದುಹೋದ ಪೀಡನವೇ ಆ ಬಣ್ಣ. ತುದಿಯ ತೂತಿನ ಬಳಿ ಪಟ್ಟೆಗಳು ಸಾಮಾನ್ಯವಾಗಿ ಒತ್ತೊತ್ತಾಗಿರುತ್ತವೆ.

ಗಣಕಯಂತ್ರ ಬಂದ ಮೇಲೆ ಮಾದರಿಯ ಜಾಗದಲ್ಲಿ ಲೆಕ್ಕ ಬಂತು. ಅದರ ಉಪಾಯ ಸರಳವಾದದ್ದು. ಸುರಂಗದ ಸುತ್ತಲಿನ ಗುಡ್ಡವನ್ನು ಕಾಗದದ ಮೇಲೆ ಬರೆದು, ಮೀನಿನ ಬಲೆಯಂತೆ ಸಾವಿರಾರು ಸಣ್ಣ ತ್ರಿಕೋನಗಳಾಗಿ ವಿಂಗಡಿಸಿದ್ದೇವೆ ಎಂದು ತಿಳಿಯಿರಿ. ಒಂದೊಂದು ತ್ರಿಕೋನವೂ ಪಕ್ಕದ ತ್ರಿಕೋನವನ್ನು ಒತ್ತುತ್ತದೆ, ಪಕ್ಕದ್ದು ಅಷ್ಟೇ ಬಲದಿಂದ ಮರಳಿ ಒತ್ತುತ್ತದೆ. ಬಲೆಯ ಪ್ರತಿಯೊಂದು ಗಂಟಿನಲ್ಲೂ ಬಲಗಳು ಸಮತೋಲದಲ್ಲಿರಬೇಕು. ಪ್ರತಿಯೊಂದು ಗಂಟೂ ಮೇಲೆ ಕೆಳಗೆ ಎಷ್ಟು ಸರಿಯಿತು, ಅಡ್ಡಕ್ಕೆ ಎಷ್ಟು ಸರಿಯಿತು ಎಂಬ ಎರಡು ಸಂಖ್ಯೆಗಳು ನಮಗೆ ಗೊತ್ತಿಲ್ಲ. 5,000 ಗಂಟುಗಳಿದ್ದರೆ 10,000 ಅಜ್ಞಾತಗಳು, 10,000 ಸಮೀಕರಣಗಳು. ನಿಮ್ಮ ಗಣಿತ ತರಗತಿಯಲ್ಲಿ ಎರಡು ಅಜ್ಞಾತಗಳ ಸಮೀಕರಣ ಬಿಡಿಸುವುದಕ್ಕೇ ಅರ್ಧ ಪುಟ ಬೇಕಲ್ಲವೇ? ಯಂತ್ರ ಅದೇ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ. ಗಂಟುಗಳು ಸರಿದದ್ದು ತಿಳಿದರೆ ತ್ರಿಕೋನ ಎಷ್ಟು ನಜ್ಜಿತೆಂದು ತಿಳಿಯುತ್ತದೆ. ಅದರಿಂದ ಪೀಡನ ತಿಳಿಯುತ್ತದೆ. ಇದಕ್ಕೆ ‘ಫೈನೈಟ್ ಎಲಿಮೆಂಟ್’ ವಿಧಾನವೆಂದು ಹೆಸರು. 1960ರಲ್ಲಿ ಅಮೆರಿಕದ ಕ್ಲಫ್ ಎಂಬವರು ಇಟ್ಟ ಹೆಸರದು.

ಇನ್ನೊಂದು ವಿಧಾನದಲ್ಲಿ ಇಡೀ ಗುಡ್ಡವನ್ನು ತುಂಡು ಮಾಡುವ ಬದಲು ಸುರಂಗದ ಅಂಚನ್ನು ಮಾತ್ರ ತುಂಡುಗಳಾಗಿ ವಿಂಗಡಿಸುತ್ತಾರೆ. ಲೆಕ್ಕ ಬಹಳ ಕಡಿಮೆಯಾಗುತ್ತದೆ. 1980ರಲ್ಲಿ ಹೋಕ್ ಮತ್ತು ಬ್ರೌನ್ ಎಂಬ ಇಬ್ಬರು ವಿದ್ವಾಂಸರು ಬಂಡೆಯೊಳಗಿನ ಸುರಂಗಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿ, ಅದರ ಕೊನೆಯಲ್ಲಿ ಇಂತಹ ಒಂದು ಗಣಕ ಕಾರ್ಯಕ್ರಮವನ್ನೇ ಸಾಲು ಸಾಲಾಗಿ ಅಚ್ಚು ಮಾಡಿಕೊಟ್ಟರು. ಬೇಕಾದವರು ಅದನ್ನು ನೋಡಿ ಟೈಪು ಮಾಡಿ ನಡೆಸಬಹುದಿತ್ತು. ಮುಂದೆ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಇದೇ ವಿಧಾನದ ‘ಎಗ್ಸಾಮಿನ್ 2ಡಿ’ ಎಂಬ ತಂತ್ರಾಂಶ ಸಿದ್ಧವಾಯಿತು. ಸುರಂಗದ ಆಕಾರವನ್ನು ಪರದೆಯ ಮೇಲೆ ಬರೆದರೆ ಸಾಕು, ಉತ್ತರ ಬಣ್ಣದ ಚಿತ್ರವಾಗಿ ಬರುತ್ತದೆ.

ಬಣ್ಣದ ಚಿತ್ರವನ್ನು ಓದುವುದು

ಭೂಗೋಳದ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿರುತ್ತವೆಯಷ್ಟೆ. ಇಲ್ಲಿ ಒಂದೇ ಪೀಡನವಿರುವ ಜಾಗಗಳನ್ನು ಸೇರಿಸುತ್ತಾರೆ. ಗೆರೆಗಳ ನಡುವೆ ಬಣ್ಣ ತುಂಬುತ್ತಾರೆ. ನನ್ನ ಶಿಷ್ಯ ಒಂದು ವೃತ್ತವನ್ನು ಬರೆದು ಗುಂಡಿ ಒತ್ತಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೋಡೆಗಳ ಬದಿ ಕೆಂಪಾಯಿತು, ನೆತ್ತಿ ನೀಲಿಯಾಯಿತು. ದೂರ ಹೋದಂತೆ ಬಣ್ಣ ಒಂದೇ ಆಯಿತು. ತೂತಿನ ಗೋಡೆಯಿಂದ ತೂತಿನ ಅಗಲದಷ್ಟು ದೂರ ಹೋದರೆ ಭಾರ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಎಲ್ಲ ಕಡೆ ಸಮನಾದ ಒತ್ತು ಇರುವಲ್ಲಿ ಅಷ್ಟು ದೂರದಲ್ಲಿ ಹೆಚ್ಚುವುದು ನೂರಕ್ಕೆ 11ರಷ್ಟು ಮಾತ್ರ.

“ಕೆಂಪು ಕಂಡಲ್ಲಿ ಅಪಾಯ, ನೀಲಿ ಕಂಡಲ್ಲಿ ಕ್ಷೇಮ, ಅಲ್ಲವೇ?” ಎಂದು ನಾನು ಕೇಳಿದೆ.

“ಅಲ್ಲ ಸರ್, ಎಲ್ಲರೂ ಮೊದಲು ಮಾಡುವ ತಪ್ಪು ಅದೇ” ಎಂದ ಅವನು. ಯಾವ ಸಂಖ್ಯೆಗೆ ಯಾವ ಬಣ್ಣವೆಂದು ಹೇಳುವ ಪಟ್ಟಿಯನ್ನು ಚಿತ್ರದ ಬದಿಯಲ್ಲಿ ಕೊಟ್ಟಿರುತ್ತಾರೆ. ಅದನ್ನು ಓದದೆ ಚಿತ್ರವನ್ನು ನೋಡಬಾರದು. ಕೆಂಪು ಹೆಚ್ಚು ಪೀಡನವನ್ನು ತೋರಿಸಬಹುದು; ಆದರೆ ಕಲ್ಲು ಅದಕ್ಕಿಂತಲೂ ಬಲವಾಗಿದ್ದರೆ ಭಯವಿಲ್ಲ. ನೀಲಿ ಎಂದರೆ ಅಲ್ಲಿ ಒತ್ತು ಇಲ್ಲ ಎಂದರ್ಥ. ಬಿರುಕುಗಳಿರುವ ಕಲ್ಲನ್ನು ಒಟ್ಟಿಗೆ ಹಿಡಿದಿರುವುದೇ ಆ ಒತ್ತು. ಒತ್ತು ಸಡಿಲವಾದರೆ ನೆತ್ತಿಯ ತುಂಡು ತನ್ನ ಭಾರದಿಂದಲೇ ಜಾರಿ ಬೀಳುತ್ತದೆ. ಆದುದರಿಂದ ಕಲ್ಲಿನ ಶಕ್ತಿಯನ್ನು ಅದರ ಮೇಲಿನ ಪೀಡನದಿಂದ ಭಾಗಿಸಿ ಇನ್ನೊಂದು ಚಿತ್ರ ಮಾಡುತ್ತಾರೆ. ಉತ್ತರ 1ಕ್ಕಿಂತ ಕಡಿಮೆ ಬಂದ ಜಾಗದಲ್ಲಿ ಕಲ್ಲು ಒಡೆಯುತ್ತದೆಂದು ಲೆಕ್ಕ.

ಲೆಕ್ಕದ ಹಿಂದಿರುವ ಜೀವಗಳು

ಇದೆಲ್ಲ ಪರದೆಯ ಮೇಲಿನ ಆಟವೆಂದು ತಿಳಿಯಬೇಡಿ. 1960ರ ಜನವರಿ 21ರಂದು ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲ ಗಣಿ ಕುಸಿದು 400ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಮಾಡನ್ನು ಹೊರಲು ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ಉಳಿದದ್ದನ್ನು ತೆಗೆಯುತ್ತಿದ್ದರು. ನಾಲ್ಕು ಪಾಲಿನಲ್ಲಿ ಮೂರು ಪಾಲು ತೆಗೆದರೆ ಉಳಿದ ಒಂದು ಪಾಲು ನಾಲ್ಕು ಪಾಲಿನ ಭಾರವನ್ನು ಹೊರಬೇಕು. ಒಂದು ಕಂಬ ಸೋತರೆ ಅದರ ಭಾರ ಪಕ್ಕದ ಕಂಬಕ್ಕೆ, ಅದೂ ಸೋತರೆ ಅದರ ಪಕ್ಕದ್ದಕ್ಕೆ. ಈ ದುರಂತದ ಬಳಿಕ ಸಾಲಮನ್ ಮತ್ತು ಮನ್ರೊ ಎಂಬವರು ನಿಂತ ಕಂಬಗಳನ್ನೂ ಬಿದ್ದ ಕಂಬಗಳನ್ನೂ ಹೋಲಿಸಿ, ಎಷ್ಟು ದಪ್ಪದ ಕಂಬ ಬಿಡಬೇಕೆಂಬ ಸೂತ್ರವನ್ನು 1967ರಲ್ಲಿ ಪ್ರಕಟಿಸಿದರು.

ನಮ್ಮ ನಾಡಿನ ಕೋಲಾರದ ಚಿನ್ನದ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. 3,200ನ್ನು 2.7ರಿಂದ ಗುಣಿಸಿ: ಚದರ ಮೀಟರಿಗೆ 8,640 ಟನ್! ತೂತಿನ ಅಂಚಿನಲ್ಲಿ ಅದು ಎರಡು ಪಟ್ಟಾದರೆ ಗಟ್ಟಿ ಬಂಡೆಯ ಶಕ್ತಿಗೂ ಅದಕ್ಕೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಅಲ್ಲಿ ಬಂಡೆ ಕುಸಿಯುತ್ತಿರಲಿಲ್ಲ, ಸಿಡಿಯುತ್ತಿತ್ತು. ಆ ಸಿಡಿತಕ್ಕೆ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಚಿನ್ನ ತೆಗೆದ ಕಾರ್ಮಿಕರಲ್ಲಿ ಎಷ್ಟೋ ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಗಣಿ 2001ರಲ್ಲಿ ಮುಚ್ಚಿತು. ಆದರೆ 1988ರಲ್ಲಿ ಅಲ್ಲಿಯೇ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ದೇಶದ ಅಣೆಕಟ್ಟು, ಸುರಂಗ, ಗಣಿಗಳಿಗೆ ಬೇಕಾದ ಅಳತೆಗಳನ್ನೂ ಲೆಕ್ಕಗಳನ್ನೂ ಮಾಡಿಕೊಡುತ್ತ ಬಂದಿದೆ.

ನಮ್ಮ ಹಿತ್ತಿಲ ಸುರಂಗ

ಕೊನೆಗೆ ನಾನು ಶಿಷ್ಯನಿಗೆ ನಮ್ಮ ಹಿತ್ತಿಲ ಸುರಂಗದ ಕತೆ ಹೇಳಿದೆ. ನಾನು ಚಿಕ್ಕವನಾಗಿದ್ದಾಗ ಒಂದು ಆಟಿ ತಿಂಗಳಲ್ಲಿ, ಎಡೆಬಿಡದ ಮಳೆಯ ನಡುವೆ, ಅದು ಬಾಯಿಂದ ಹತ್ತು ಮಾರು ಒಳಗೆ ಕುಸಿಯಿತು. ಅದರ ಹಿಂದಿನ ದಿನ ಅಪ್ಪ ಕೆಸರು ತೆಗೆಯಲು ಒಳಗೆ ಹೋಗಿದ್ದರು. ಒಂದು ದಿನದ ಅಂತರದಲ್ಲಿ ನಮ್ಮ ಮನೆ ಉಳಿಯಿತು.

ಅವನು ಆ ಸುರಂಗವನ್ನು ಪರದೆಯ ಮೇಲೆ ಬರೆದ. ಆಳ 10 ಮೀಟರ್, ಒಳ್ಳೆಯ ಮುರಕಲ್ಲು ಎಂದು ಕೊಟ್ಟ. ಚಿತ್ರ ಬಂತು: ಎಲ್ಲ ಕಡೆಯೂ ಕ್ಷೇಮ. ಭಾರ ಚದರ ಮೀಟರಿಗೆ ಬರೇ 20 ಟನ್. ಮೂರು ಪಟ್ಟಾದರೂ 60. ಮುರಕಲ್ಲು ಅದನ್ನು ಸುಲಭವಾಗಿ ಹೊರುತ್ತದೆ.

“ಹಾಗಾದರೆ ಬಿದ್ದದ್ದು ಯಾಕೆ?” ಎಂದೆ.

“ಗೋಡೆಯ ಬುಡದಲ್ಲಿ ಏನಿತ್ತು ಸರ್?” ಎಂದು ಅವನು ಕೇಳಿದ.

ನೆನಪು ಮಾಡಿಕೊಂಡೆ. ಬುಡದಲ್ಲಿ ಬಿಳಿಯ ಶೇಡಿಮಣ್ಣು ಇತ್ತು. ಅವನು ಬಲೆಯ ಕೆಳಗಿನ ಸಾಲುಗಳಿಗೆ ಮುರಕಲ್ಲಿನ ಬದಲು ನೀರು ಕುಡಿದ ಶೇಡಿಮಣ್ಣಿನ ಶಕ್ತಿಯನ್ನು ಕೊಟ್ಟ. ಮತ್ತೆ ಗುಂಡಿ ಒತ್ತಿದ. ಈ ಸಲ ಗೋಡೆಯ ಬುಡದಲ್ಲಿ ಉತ್ತರ 1ಕ್ಕಿಂತ ಕೆಳಗೆ ಬಂತು. ಬುಡ ಹೋದ ಗೋಡೆ, ಗೋಡೆ ಹೋದ ನೆತ್ತಿ. ಯಂತ್ರ ಮೊದಲ ಸಲ ಸುಳ್ಳು ಹೇಳಿರಲಿಲ್ಲ. ನಾವು ಹೇಳದೆ ಬಿಟ್ಟದ್ದು ಅದಕ್ಕೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮ ನೆರೆಯಲ್ಲಿ ಜೀವಮಾನವಿಡೀ ಸುರಂಗ ತೋಡಿದ ಒಬ್ಬ ಹಿರಿಯರಿದ್ದಾರೆ. ಅವರೊಡನೆ ಈ ವಿಷಯ ಹೇಳಿದಾಗ ಅವರು ತುಳುವಿನಲ್ಲಿ ಹೇಳಿದ್ದರ ಸಾರ ಹೀಗಿದೆ: “ಮಾಷ್ಟ್ರೇ, ಪಿಕ್ಕಾಸಿನ ಹಿಂದಿನಿಂದ ಗೋಡೆಗೆ ತಟ್ಟಬೇಕು. ಗಟ್ಟಿ ಶಬ್ದ ಬಂದರೆ ಮುಂದೆ ಹೋಗಬಹುದು. ಡಬ ಡಬ ಎಂದರೆ ನಿಲ್ಲಬೇಕು. ಶೇಡಿ ಸಿಕ್ಕಿದರೆ ದಿಕ್ಕು ತಿರುಗಿಸಬೇಕು. ಮೊಂಬತ್ತಿ ನಂದಿದರೆ ಹೊರಗೆ ಬರಬೇಕು.” ದೊಡ್ಡ ಸುರಂಗಗಳಲ್ಲಿ ಇಂಜಿನಿಯರುಗಳು ಮಾಡುವುದೂ ಇದನ್ನೇ. ಅಗೆದ ಒಂದೊಂದು ಮೀಟರಿನಲ್ಲೂ ಕಲ್ಲನ್ನು ಪರೀಕ್ಷಿಸುತ್ತಾರೆ. ಗೋಡೆಗೆ ಗುರುತು ನೆಟ್ಟು ಅದು ದಿನಕ್ಕೆ ಎಷ್ಟು ಮಿಲಿಮೀಟರ್ ಸರಿಯಿತೆಂದು ಅಳೆಯುತ್ತಾರೆ. ಯಂತ್ರ ಹೇಳಿದ್ದಕ್ಕಿಂತ ಹೆಚ್ಚು ಸರಿದರೆ ಲೆಕ್ಕವನ್ನು ತಿದ್ದಿ, ಗೋಡೆಗೆ ಆಧಾರ ಹೆಚ್ಚಿಸುತ್ತಾರೆ. ಈ ಅಳೆಯುವ ಕೆಲಸ ತಪ್ಪಿದರೆ ಎಂತಹ ತಂತ್ರಾಂಶವೂ ಕಾಯಲಾರದು.

ಪ್ರಶ್ನೆ ಕೇಳಿದ ಹುಡುಗಿಗೆ ಈಗ ಉತ್ತರ ಹೇಳಬಹುದು. ಮಗಳೇ, ಗಣಕಯಂತ್ರಕ್ಕೆ ಗುಡ್ಡ ಗೊತ್ತಿಲ್ಲ. ನಾವು ಗುಡ್ಡದ ಬಗ್ಗೆ ಹೇಳಿದ್ದು ಮಾತ್ರ ಅದಕ್ಕೆ ಗೊತ್ತು. ಹೇಳಿದ್ದು ಸರಿಯಿದ್ದರೆ ಮನುಷ್ಯರು ನೂರು ವರ್ಷ ಕುಳಿತು ಮಾಡಲಾಗದ ಲೆಕ್ಕವನ್ನು ಅದು ಕ್ಷಣದಲ್ಲಿ ಮಾಡಿ, ಎಲ್ಲಿ ಅಪಾಯವೆಂದು ಬಣ್ಣದಲ್ಲಿ ಬರೆದು ತೋರಿಸುತ್ತದೆ. ಸರಿಯಾಗಿ ಹೇಳುವ ಜವಾಬ್ದಾರಿ ಒಳಗೆ ಇಳಿದು ನೋಡುವ ಮನುಷ್ಯನದು. ನಿಮ್ಮಲ್ಲಿ ಯಾರಾದರೂ ಮುಂದೆ ಆ ಕೆಲಸಕ್ಕೆ ಹೋದರೆ ಗಣಿತವನ್ನೂ ಕಲಿಯಿರಿ, ಗೋಡೆಗೆ ತಟ್ಟಿ ಕೇಳುವುದನ್ನೂ ಕಲಿಯಿರಿ.

ಹೆತ್ತವರಲ್ಲಿ ಒಂದು ವಿನಂತಿ. ಬಳಕೆಯಿಲ್ಲದ ಹಳೆಯ ಸುರಂಗಗಳು ನಮ್ಮ ಹಿತ್ತಿಲುಗಳಲ್ಲಿ ಬಾಯಿ ತೆರೆದುಕೊಂಡಿವೆ. ಮಕ್ಕಳು ಆಟಕ್ಕೆ ಒಳಗೆ ಹೋಗದಂತೆ ಅವುಗಳ ಬಾಯಿಗೆ ಗೇಟೋ ಬೇಲಿಯೋ ಮಾಡಿಸಿ. ಬಳಸುವ ಸುರಂಗವಾದರೆ ಮಳೆಗಾಲದಲ್ಲಿ ಯಾರೂ ಒಳಗೆ ಇಳಿಯದಿರಲಿ. ಮಳೆ ನಿಂತ ಮೇಲೆ, ತಿಳಿದವರಿಂದ ಬುಡವನ್ನೂ ನೆತ್ತಿಯನ್ನೂ ನೋಡಿಸಿದ ಬಳಿಕವೇ ಕೆಸರು ತೆಗೆಯಿಸಿ. ಒಂದು ದಿನದ ಅಂತರ ಎಲ್ಲರ ಪಾಲಿಗೂ ಸಿಗುವುದಿಲ್ಲ.